ಜಾಲಿ ತೊಗಟೆಯ ಚರಿತ್ರೆ

ಸಿಂದಗಿ, ಇಂಡಿ ಕಡೆಯ ಎರೆಹೊಲದ ಬದುವಿನ ಮೇಲೆ ನಿಂತ ಜಾಲಿ ಗಿಡಕ್ಕೆ ಚರಿತ್ರೆ ಪುಸ್ತಕದಲ್ಲಿ ಜಾಗವಿಲ್ಲ. ಅದರ ತೊಗಟೆ ಸುಲಿದು ತೊಗಲು ಹದ ಮಾಡಿದ ಡೋಹರರಿಗೂ ಇಲ್ಲ. ಬಾಗೇವಾಡಿಯ ಬಸವಣ್ಣನನ್ನು ಹೊಗಳುವವರು ಡೋಹರ ಕಕ್ಕಯ್ಯನನ್ನೂ ಶರಣರ ಸಾಲಿನಲ್ಲಿ ನೆನೆಯುತ್ತಾರೆ. ಆದರೆ ಅವನ ಕಸುಬಿನೊಳಗಿದ್ದ ವಿದ್ಯೆಯನ್ನು ವಿದ್ಯೆ ಅನ್ನೋದಿಲ್ಲ.

ಅದು ವಿದ್ಯೆಯೇ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ಇಡಬೇಕು. ತೊಗಟೆಯ ಒಗರು, ಅಂದರೆ ಟ್ಯಾನಿನ್, ತೊಗಲಿನ ಎಳೆ ಎಳೆಗೂ ಅಂಟಿ ಅದು ಕೊಳೆಯದ ಹಾಗೆ ಮಾಡುತ್ತದೆ. ಹೀಗೆ ಹದವಾದ ತೊಗಲಿನ ಚೀಲದಿಂದಲೇ ಗೌಡರ ತೋಟಕ್ಕೆ ಬಾವಿಯ ನೀರು ಮೇಲೆ ಬಂತು. ಚೀಲಕ್ಕೆ ತೊಗಲು ಕೊಟ್ಟವನು ಮಾತ್ರ ಊರ ಬಾವಿ ಮುಟ್ಟುವಂತಿರಲಿಲ್ಲ!

1858ರಲ್ಲಿ ಜರ್ಮನಿಯ ಕ್ನಾಪ್ ಕ್ರೋಮಿಯಂ ಲವಣದಿಂದಲೂ ತೊಗಲು ಹದ ಮಾಡಬಹುದೆಂದು ತೋರಿಸಿದ. 1884ರಲ್ಲಿ ಅಮೆರಿಕದ ಷುಲ್ಟ್ಸ್ ಇಂಥ ವಿಧಾನಕ್ಕೆ ಪೇಟೆಂಟ್ ಪಡೆದ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಲಾಭ ಕಾರ್ಖಾನೆಗೆ ಹೋಯಿತು, ಕೇರಿಯ ಕುಣಿ ಬತ್ತಿತು. ತೊಗಟೆಯ ಕುಣಿಯೂ ನಾರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅದರಲ್ಲಿ ಕ್ರೋಮ್ ಇರಲಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಕ್ರೋಮಿನ ಸುಮಾರು ಮೂರನೇ ಒಂದು ಪಾಲು ತೊಗಲಿಗೆ ಹಿಡಿಯದೆ ಹೊರಗೆ ಹರಿಯುತ್ತದೆ. ತಮಿಳುನಾಡಿನ ಪಾಲಾರ್ ನದಿಯ ಸೀಮೆಯಲ್ಲಿ ಚರ್ಮದ ಕಾರ್ಖಾನೆಗಳ ಕೊಳಚೆ ಹೊಲ, ಬಾವಿಗಳನ್ನು ಕೆಡಿಸಿತು. ಕೆಡಿಸಿದವರೇ ತೆರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ.

ಈಗ ಪ್ರಯೋಗಶಾಲೆಗಳು ಮತ್ತೆ ತೊಗಟೆಯ ಕಡೆ ತಿರುಗಿವೆ. ತೊಗಲಿಗೆ ಅಂಟುವ ಟ್ಯಾನಿನ್ ಲೋಹವನ್ನೂ ಹಿಡಿಯುತ್ತದೆ. ತೊಗಟೆಯ ಪುಡಿಯನ್ನು ಕೊಳಚೆ ನೀರಿಗೆ ಬೆರೆಸಿದರೆ ಕ್ರೋಮ್, ಸೀಸ, ಕ್ಯಾಡ್ಮಿಯಂ ಆ ಪುಡಿಯ ಮೈಗೆ ಹತ್ತಿಕೊಳ್ಳುತ್ತವೆ. ನೀರು ಹುಳಿಯಾಗಿದ್ದರೆ ಹೆಚ್ಚು ವಿಷದ ಕ್ರೋಮ್-6 ಕಡಿಮೆ ವಿಷದ ಕ್ರೋಮ್-3 ಆಗಿ ಬದಲಾಗುತ್ತದೆ. ಹೀಗೆ ಪರೀಕ್ಷೆಗೆ ಒಳಗಾದ ತೊಗಟೆಗಳಲ್ಲಿ ನಮ್ಮ ಜಾಲಿಯೂ ಒಂದು.

ಆದರೆ ಗೆಳೆಯರೆ, ಲೋಹ ಮಾಯವಾಗೋದಿಲ್ಲ. ನೀರಿನಿಂದ ಪುಡಿಗೆ ಬರುತ್ತದೆ, ಅಷ್ಟೇ. ಆ ವಿಷದ ಪುಡಿಯನ್ನು ಬರಿಗೈಲಿ ಬಾಚಿ ಹೊರೋರು ಯಾರು? ಮತ್ತೆ ಕೇರಿಯವರೇ ಏನು? ಈ ವಿಜ್ಞಾನ ನಮಗೆ ಬೇಕು. ಹೆಸರು, ಹಣ ಅವರಿಗೆ, ಹೊಲಸು ನಮಗೆ ಅನ್ನೋ ಹಳೆಯ ಹಂಚಿಕೆ ಬೇಡ. ಮಾಸ್ತರರೆ, ನಾಳೆ ಮಕ್ಕಳಿಗೆ ಬದುವಿನ ಜಾಲಿ ತೋರಿಸಿರಿ. ಅದರ ಒಗರನ್ನು ಕೆಲಸಕ್ಕೆ ಹಚ್ಚಿದವರು ಯಾರು, ಅವರಿಗೆ ಸಿಕ್ಕಿದ್ದೇನು ಅನ್ನೋದನ್ನೂ ಪಾಠದೊಳಗೆ ಸೇರಿಸಿರಿ.