ತಾಯಿಯ ಮೇಲಿನ ದೂರು

ನಮ್ಮ ವಾಚನಾಲಯದವರು ಈ ಸಲದ ಪುಸ್ತಕಕ್ಕೆ ಏನಾದರೂ ಚರಿತ್ರೆ ಬರೆದು ಕೊಡ್ರಿ ಅಂದಾಗ ನಾನು ಗೀಗೀ ಮೇಳದ ಚರಿತ್ರೆ ಬರೀತೀನಿ ಅಂತ ಎಲ್ಲಾರೂ ತಿಳಿದಿದ್ದರು. ಅದನ್ನ ಮುಂದಿನ ವರ್ಷ ಬರೆದೇನು. ಈ ಸಲ ಬ್ಯಾರೆ ಒಂದು ಚರಿತ್ರೆ ಬರೀಬೇಕಾಗೈತಿ. ನಾನು ಕಲಿತದ್ದು ಏಳನೇ ಇಯತ್ತೆ. ಇಂಗ್ಲಿಷಿನಲ್ಲಿ ಇದ್ದದ್ದನ್ನು ನಮ್ಮ ಶಾಲೆಯ ಮಾಸ್ತರೊಬ್ಬರು ಓದಿ ಕನ್ನಡದಾಗ ಹೇಳಿದರು, ನಾನು ವಹಿಯಲ್ಲಿ ಬರಕೊಂಡೆ. ಬರಕೊಳ್ಳುವಾಗ ತಪ್ಪಿದ್ದರೆ ಅದು ನನ್ನದು, ಮಾಸ್ತರದಲ್ಲ.

ನನ್ನ ಮಗಳು ಗೋವಾದ ಫಾತೋರ್ಡಾದಲ್ಲಿ ಇರ್ತಾಳ. ಮಡಗಾಂವ ಪ್ಯಾಟಿಗೆ ಹತ್ತಿಕೊಂಡ ಊರು ಅದು. 1989ರಾಗ ಕಟ್ಟಿದ ದೊಡ್ಡ ಫುಟ್ಬಾಲ್ ಕ್ರೀಡಾಂಗಣದಿಂದ ಅದರ ಹೆಸರು ದೇಶಕ್ಕೆಲ್ಲ ಗೊತ್ತು. ನಮ್ಮ ಕಡೆ ಮಂದಿ ಗೋವಾಕ್ಕೆ ದುಡಿಯಾಕ ಹೋಗೋದು ಇವತ್ತಿನ ಮಾತಲ್ಲ. 1961ರ ಡಿಸೆಂಬರದಾಗ ಪೋರ್ಚುಗೀಸರು ಹೋದ ಮ್ಯಾಲೆ ಅಲ್ಲಿ ರಸ್ತೆ, ಬಂದರು, ಕಟ್ಟಡ ಅಂತ ಕೆಲಸ ಹೆಚ್ಚಾದವು. ಗದಗ, ಬಾಗಲಕೋಟಿ, ಬಿಜಾಪುರ, ಕೊಪ್ಪಳ, ಹಾವೇರಿ ಕಡೆಯ ಒಣಬೇಸಾಯದ ಮಂದಿ ಲೋಂಡಾ, ಕ್ಯಾಸಲ್‌ರಾಕ್ ಹಾದು ಇಳಿದು ಹೋದರು. ನನ್ನ ಅಳಿಯ 2011ರಲ್ಲಿ ಹೋದ. ಗೌಂಡಿ ಕೆಲಸ. ಮಗಳು ನಾಲ್ಕು ಮನಿ ಭಾಂಡೆ ತಿಕ್ಕತಾಳ. ಕ್ರೀಡಾಂಗಣದ ಹಿಂದೆ ಒಂದು ಬಾಡಿಗಿ ಖೋಲಿ. ಎಫ್‌ಸಿ ಗೋವಾ ತಂಡ ಆಡುವ ರಾತ್ರಿ ಮಂದಿ ಕೂಗಿದ್ದು ಗ್ವಾಡಿಯೊಳಗಿಂದ ಬಂದಂಗ ಕೇಳಸತೈತಿ. ಆ ರಾತ್ರಿಗಳೊಳಗ ನನ್ನ ಮೊಮ್ಮಗ ಮೂಲಿಗೆ ಕುಂತು ಕಿವಿ ಮುಚ್ಚಿಕೊಂಡು ಹಿಂದಕ್ಕ ಮುಂದಕ್ಕ ತೂಗತಾನ.

ಹುಡುಗ ಹುಟ್ಟಿದ್ದು 2014ರಲ್ಲಿ. ಎರಡು ವರ್ಷ ಆದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡತಿರಲಿಲ್ಲ. ನೀರಿನ ಬಾಟಲಿ ಮುಚ್ಚಳ ಸಾಲಾಗಿ ಇಡತಿದ್ದ, ಒಂದು ಸರಿಸಿದರೆ ಓಣಿ ಕೇಳುವಂಗ ಅಳತಿದ್ದ. ಮನಿಯೊಳಗ ಕನ್ನಡ, ಓಣಿಯೊಳಗ ಹಿಂದಿ, ಅಂಗನವಾಡಿಯೊಳಗ ಕೊಂಕಣಿ. ಮೂರು ಭಾಷೆ ಬಿದ್ದು ಹುಡುಗನ ಬಾಯಿ ಕಟ್ಟೈತಿ ಅಂದರು ಕೆಲವರು. ಗಾಳಿ ಸೋಕೈತಿ ಅಂತ ನಾನೇ ಇಲ್ಲಿಂದ ತಾಯತ ಮಾಡಿಸಿ ಕಳಿಸಿದೆ. ಅದನ್ನ ಹರಿದು ಬಾಟಲಿ ಮುಚ್ಚಳದ ಸಾಲಿನ ತುದಿಗೆ ಇಟ್ಟಿದ್ದನಂತ.

2018ರ ನವೆಂಬರದಾಗ ರಾಜ್ಯೋತ್ಸವಕ್ಕ ಹಾಡಾಕ ಅಲ್ಲಿನ ಕನ್ನಡ ಮಂದಿ ನಮ್ಮ ಮೇಳವನ್ನ ಕರೆಸಿದ್ದರು. ನಾನು ದಪ್ಪು ಎತ್ತಿ ಎರಡು ಪೆಟ್ಟು ಹೊಡೆದಿರಬೇಕು, ಮುಂದಿನ ಸಾಲಿನಲ್ಲಿ ಕುಂತ ಮೊಮ್ಮಗ ಚೀರಿ ನೆಲಕ್ಕ ಬಿದ್ದ. ಯಾರೋ ಹುಡುಗನ್ನ ಹೊರಗ ಒಯ್ಯವಾ ಅಂದರು. ಹಾಡಿಕಿ ಮುಗಿಸಿ ಹೊರಗ ಬಂದವನೇ ನಾನು ನಾಲ್ಕು ಮಂದಿ ಎದುರಿಗೆ ಮಗಳಿಗೆ ಬೈದೆ. ಕೈಯಾಗ ಮೊಬೈಲು ಕೊಟ್ಟು ನೀ ಮಂದಿ ಮನಿ ಕೆಲಸಕ್ಕ ಹೋಗ್ತಿ, ಎತ್ತಿ ಆಡಿಸಿದ್ದರ ಹಿಂಗ್ಯಾಕ ಆಗತಿತ್ತು ಅಂತ ಅಂದೆ.

ಆಕಿ ಅಳಲಿಲ್ಲ. "ಯಪ್ಪಾ, ಎರಡು ವರ್ಷದಿಂದ ಅತ್ತಿ ಅಂದಾರ, ಓಣಿಯವರು ಅಂದಾರ, ಶಾಲಿಯವರು ಅಂದಾರ. ನೀ ಒಬ್ಬಾಂವ ಉಳದಿದ್ದಿ. ನೀನೂ ಅಂದಿ, ಮುಗೀತು ಬಿಡು" ಅಂದಳು. ಅದೇ ವಾರ ಒಬ್ಬ ಮಕ್ಕಳ ಡಾಕ್ಟರು ಆಟಿಸಂ ಅಂತ ಬರೆದುಕೊಟ್ಟ ಚೀಟಿ ತೋರಿಸಿದಳು. ನಾನು ಆ ಮಾತು ಕೇಳಿದ್ದು ಅವತ್ತೇ ಮೊದಲು.

ಊರಿಗೆ ಬಂದು ಮಾಸ್ತರನ್ನು ಕೇಳಿದೆ. ಕನ್ನಡದಾಗ ಇದಕ್ಕ ಸ್ವಲೀನತೆ ಅಂತಾರಂತ. ನಾವು ತತ್ವಪದ ಹಾಡುವವರಿಗೆ ಲೀನ ಅನ್ನೋದು ದೊಡ್ಡ ಮಾತು, ಸಾಧಕರಿಗೆ ಹೇಳುವಂಥದ್ದು. ಅದನ್ನ ತಂದು ಈ ಮಕ್ಕಳಿಗೆ ಯಾಕ ಇಟ್ಟರೋ. ಮೊಮ್ಮಗನ್ನ ನೋಡಿದರೆ ಅವನು ತನ್ನೊಳಗ ಮುಳುಗಿದವನಲ್ಲ. ಹೊರಗಿನ ಸಪ್ಪಳ, ಬೆಳಕು, ಮಂದಿ ಎಲ್ಲಾ ಒಮ್ಮೆಲೇ ಮ್ಯಾಲೆ ಬಿದ್ದು ತಾಳದವನು. ಇರಲಿ, ಹೆಸರು ಇಟ್ಟಾಗೈತಿ.

ಈ ಮಕ್ಕಳನ್ನು ಕುರಿತು ಜಗತ್ತು ಓದಿದ ಮುಖ್ಯ ಲೇಖನ 1943ರದು. ಬರೆದವರು ಅಮೆರಿಕದ ಬಾಲ್ಟಿಮೋರಿನ ಡಾಕ್ಟರ್ ಲಿಯೋ ಕ್ಯಾನರ್. ಅದರಾಗ 11 ಮಕ್ಕಳ ಕಥಿ ಐತಿ. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅವರೂ ಇಂಥ ಹುಡುಗರ ಬಗ್ಗೆ ಬರೆದರು. ಕ್ಯಾನರರ ಮೊದಲ ಮಗು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಅನ್ನೋ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933ರಲ್ಲಿ. ಡಾಕ್ಟರರ ಸಲಹೆ ಕೇಳಿ ತಂದೆ ತಾಯಿ ಅವನನ್ನ ಸಣ್ಣ ವಯಸ್ಸಿನಾಗ ಒಂದು ಸಂಸ್ಥೆಯೊಳಗ ಬಿಟ್ಟಿದ್ದರು, ಆಮ್ಯಾಲೆ ಮನಸ್ಸು ತಡೀದೆ ಮನಿಗೆ ಕರಕೊಂಡು ಬಂದರು. ಕ್ಯಾನರರಿಗೆ ತೋರಿಸುವ ಮೊದಲು ತಂದೆ ಮಗನ ಬಗ್ಗೆ 33 ಪುಟದ ಕಾಗದ ಬರೆದು ಕಳಿಸಿದ್ದರು. ಅಂದರ ಡಾಕ್ಟರರ ವಿದ್ಯೆ ಶುರುವಾದದ್ದೇ ಒಬ್ಬ ತಂದೆ ಮನಿಯೊಳಗ ಕುಂತು ನೋಡಿ ಬರೆದದ್ದರಿಂದ. ಮಾಸ್ತರು ಇದನ್ನ ಓದಿದಾಗ ನಾನು ಇನ್ನೊಮ್ಮೆ ಓದ್ರಿ ಅಂದೆ.

ಮುಂದಿನದು ನನಗ ಅದಕ್ಕಿಂತ ಹಿಡಿಸಿತು. 1942ರಿಂದ ಡೊನಾಲ್ಡನನ್ನು ಊರ ಹತ್ತಿರ ಹೊಲ ಮಾಡಿಕೊಂಡಿದ್ದ ಗಂಡ ಹೆಂಡತಿಯ ಮನಿಯೊಳಗ ಇಟ್ಟರು. ಅವರು ಗೇಣಿ ಒಕ್ಕಲು. ಡಾಕ್ಟರಕಿ ಓದಿದವರಲ್ಲ. 1945ರಾಗ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಎಣಿಸುವ ಹುಚ್ಚು. ಬ್ಯಾಡ ಅಂತ ಬೈಯೋ ಬದಲು, ನೇಗಿಲು ಹೊಡೀತಾ ಮೆಕ್ಕೆಜೋಳದ ಸಾಲು ಎಣಿಸು ಅಂತ ಅವರು ಕೆಲಸ ಕೊಟ್ಟಿದ್ದರು. ಕುದುರಿ ಕಟ್ಟಿದ ನೇಗಿಲು ಹಿಡಿದು ಆರು ಸಾಲು ಹೊಡೆದು, ಸಾಲಿನ ತುದಿಗೆ ಕುದುರಿ ತಿರುಗಿಸಿದ್ದನ್ನು ಕ್ಯಾನರ್ ಕಣ್ಣಾರೆ ಕಂಡರು. ಅಳತಿ ಮಾಡುವ ಹುಚ್ಚೂ ಇತ್ತು. ಅದಕ್ಕ ಬಾವಿ ತೋಡಲು ಹಚ್ಚಿ ಎಷ್ಟು ಆಳ ಆತು ಹೇಳು ಅಂದರು. ಸತ್ತ ಹಕ್ಕಿ, ಹುಳ ಕೂಡಿಸತಿದ್ದ, ಅವಕ್ಕ ಮಣ್ಣು ಮಾಡಾಕ ಒಂದು ಜಾಗ ಬಿಟ್ಟುಕೊಟ್ಟರು. ತುದಿಗೆ ಸಾಲು ತಿರುವುವಾಗ ಎತ್ತು ಎಷ್ಟು ಕಾಡತಾವ ಅನ್ನೋದು ನಮಗೆಲ್ಲ ಗೊತ್ತು. ಆ ಹುಡುಗ ಮುಂದ ಕಾಲೇಜು ಓದಿ, ತಮ್ಮ ಊರಿನ ಬ್ಯಾಂಕಿನಾಗ ಕೆಲಸ ಮಾಡಿ, ಊರ ಮಂದಿ ನಡುವೆ ಬಾಳಿ 2023ರಲ್ಲಿ ತೀರಿಕೊಂಡ. 89 ವರ್ಷ.

ಆದರೆ ಕ್ಯಾನರರೇ ತಮ್ಮ ಬರವಣಿಗಿಯೊಳಗ ಈ ಮಕ್ಕಳ ತಂದೆ ತಾಯಿ ಮನಸ್ಸು ತಣ್ಣಗಿನವರು ಅನ್ನೋ ಮಾತು ಹಾಕಿದ್ದರು. ಆ ಒಂದು ಮಾತು ಬೆಂಕಿ ಕಡ್ಡಿ ಆತು. ಮುಂದ ಇಪ್ಪತ್ತು ವರ್ಷ ತಾಯಿ ಪ್ರೀತಿ ಮಾಡದ್ದಕ್ಕ ಕೂಸು ಹಿಂಗ ಆಗೈತಿ ಅಂತ ದೊಡ್ಡ ದೊಡ್ಡವರು ಹೇಳಿದರು. ಶೀತಪೆಟ್ಟಿಗೆಯಂಥ ತಾಯಿ ಅಂತ ಹೆಸರೂ ಇಟ್ಟರು. ಶಿಕಾಗೋದ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಇದನ್ನೇ ಹಿಡಿದು ದೊಡ್ಡ ಪುಸ್ತಕ ಬರೆದರು. ಕೂಸನ್ನ ಹೆತ್ತವರಿಂದ ದೂರ ಇಟ್ಟರ ಸುಧಾರಿಸತೈತಿ ಅನ್ನೋ ತನಕ ಹೋತು. ನಾನು ಫಾತೋರ್ಡಾದಾಗ ಬಯಲಿನೊಳಗ ನಿಂತು ಅಂದದ್ದೂ ಇದೇ ಮಾತಲ್ಲೇನು? ಅವರು ಪುಸ್ತಕ ಬರೆದರು, ನಾನು ಬಾಯಿಲೆ ಅಂದೆ. ಓದಿದವರಿಗೆ ಒಂದು ತಪ್ಪು, ಓದದವರಿಗೆ ಒಂದು ತಪ್ಪು ಅಂತ ಇರೋದಿಲ್ಲ ಅನ್ನಸತೈತಿ.

ಆ ಮಾತನ್ನು ಮುರಿದವರು ಹೆತ್ತವರೇ. ಅಮೆರಿಕದ ಬರ್ನಾರ್ಡ್ ರಿಮ್‌ಲ್ಯಾಂಡ್ ನೌಕಾಪಡೆಯಲ್ಲಿದ್ದ ಮನೋವಿಜ್ಞಾನಿ, ಇಂಥ ಮಗನ ತಂದೆ. 1964ರಾಗ ಪುಸ್ತಕ ಬರೆದು ಇದು ಮಿದುಳಿನ ಸಂಗತಿ, ತಾಯಿಯ ದೋಷ ಅಲ್ಲ ಅಂತ ವಾದ ಹೂಡಿದರು. ಇಂಗ್ಲೆಂಡಿನಲ್ಲಿ ಲೋರ್ನಾ ವಿಂಗ್ ತಾವೇ ಡಾಕ್ಟರು, ಇಂಥ ಮಗಳ ತಾಯಿ. ಅಲ್ಲಿನ ಹೆತ್ತವರು 1962ರಲ್ಲಿ ಕಟ್ಟಿದ ಸಂಘದ ಒಳಗ ಅವರೂ ಇದ್ದರು. 1969ರಲ್ಲಿ ಹೆತ್ತವರ ಸಭೆಯೊಂದರಲ್ಲಿ ಕ್ಯಾನರರೇ ಎದ್ದು ನಿಂತು ನಿಮ್ಮ ಮ್ಯಾಲೆ ದೋಷ ಇಲ್ಲ ಅಂತ ಹೇಳಿದರು. 1977ರಾಗ ಇಂಗ್ಲೆಂಡಿನ ಅವಳಿ ಮಕ್ಕಳನ್ನು ಅಭ್ಯಾಸ ಮಾಡಿ, ಇದರಾಗ ಹುಟ್ಟಿನಿಂದ ಬಂದ ಪಾಲು ದೊಡ್ಡದು ಅಂತ ತೋರಿಸಿದರು. ನಮ್ಮ ದೇಶದಾಗೂ ಹಂಗ. ದಿಲ್ಲಿಯ ಮೆರಿ ಬರುವಾ ಅನ್ನೋ ತಾಯಿ 1991ರಲ್ಲಿ 'ಆಕ್ಷನ್ ಫಾರ್ ಆಟಿಸಂ' ಶುರು ಮಾಡಿದರು. ಅಷ್ಟಾದರೂ ನಮ್ಮ ಸರಕಾರದ 1995ರ ಅಂಗವಿಕಲರ ಕಾಯದೆಯೊಳಗ ಆಟಿಸಂ ಅನ್ನೋ ಮಾತೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯದೆಯೊಳಗ ಬಂತು. 2016ರ ಹೊಸ ಕಾಯದೆ 21 ಬಗೆಯ ವೈಕಲ್ಯ ಬರೆದು ಅದರಾಗ ಇದನ್ನೂ ಸೇರಿಸಿತು. ಅಲ್ಲಿ ತನಕ ಎಷ್ಟೋ ಮಕ್ಕಳಿಗೆ ಸಿಕ್ಕ ಚೀಟಿ ಮಂದಬುದ್ಧಿ ಅಂತ.

ಇನ್ನು ಗೋವಾಕ್ಕ ಬರೋಣ. ಅಲ್ಲಿ ನಡೆದದ್ದನ್ನು ನಮ್ಮ ಮಾಸ್ತರರೂ ಶಿಕ್ಷಕಿಯರೂ ಸ್ವಲ್ಪ ಲಕ್ಷ್ಯ ಕೊಟ್ಟು ಓದಬೇಕು. 1996ರಾಗ ಅಲ್ಲಿ ಸಂಗಾತ ಅನ್ನೋ ಸಂಸ್ಥೆ ಹುಟ್ಟಿತು. ಡಾ. ಗೌರಿ ದಿವಾನ್ ಮತ್ತು ಜತೆಯವರು ಗೋವಾದ ಇಂಥ ಮಕ್ಕಳ ಮನಿಯವರನ್ನು ಕೂಡ್ರಿಸಿ ಮಾತಾಡಿಸಿ 2012ರಲ್ಲಿ ಬರೆದರು. ಮನಿಯವರು ಏನು ಹೇಳಿದ್ದರು? ಲಗ್ನ, ಹಬ್ಬಕ್ಕ ಹೋಗೋದು ಬಿಟ್ಟೀವಿ. ಖರ್ಚು ತಡೀವಲ್ದು. ಶಾಲಿಯವರಿಗೂ ಡಾಕ್ಟರರಿಗೂ ಇದರ ತಿಳಿವಳಿಕಿ ಕಡಿಮಿ. ಮಾತು ಇವೇ ಅಲ್ಲ, ತಾತ್ಪರ್ಯ ಇದು. ಮಗಳು ನನಗ ಹೇಳದೇ ಇದ್ದದ್ದೂ ಇದೇ.

ಆಮ್ಯಾಲೆ ಅವರು ಒಂದು ಪ್ರಯೋಗ ಮಾಡಿದರು. ಅದರ ಫಲ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ದೊಡ್ಡ ವೈದ್ಯ ಪತ್ರಿಕೆಯೊಳಗ ಬಂತು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿ ಎರಡೂ ಕಡೆ ಸೇರಿ 65 ಮಕ್ಕಳು, ಎರಡರಿಂದ ಒಂಬತ್ತು ವರ್ಷದವರು. ಗಡಿ ಆಚೆಯ ತಾಯಿಯೂ ಈಚೆಯ ತಾಯಿಯೂ ಒಂದೇ ವಹಿಯೊಳಗ ಬಂದದ್ದು ಇಂಥದಕ್ಕ ಅಂತ ಕೇಳಿ ನನಗ ಸಮಾಧಾನ ಆತು. ಕಲಿಸಿದವರು ತಜ್ಞರಲ್ಲ. ತರಬೇತಿ ಕೊಟ್ಟ ಸಾದಾ ಕಾರ್ಯಕರ್ತರು, ಅವರ ಮ್ಯಾಲೆ ತಿಳಿದವರ ಕಣ್ಣು. ಆರು ತಿಂಗಳಿನಾಗ 12 ಭೇಟಿ. ಕೂಸಿಗೆ ಕಲಿಸೋದಲ್ಲ, ಹೆತ್ತವರಿಗೆ. ತಾಯಿ ಕೂಸಿನ ಜೋಡಿ ಆಡೋದನ್ನ ವಿಡಿಯೋ ಹಿಡಿದು ಆಕಿಗೇ ತೋರಿಸೋದು. ಇಲ್ನೋಡ್ರಿ, ಇಲ್ಲಿ ಅವ ನಿಮ್ಮ ಕಡೆ ನೋಡಿದ, ನೀವು ಸುಮ್ಮನ ಇದ್ದು ಅವ ಏನು ಮಾಡತಾನ ಅಂತ ಕಾದ್ರಿ, ಆಗ ಅವ ಕೈ ಚಾಚಿದ. ಹಿಂಗ.

ನಮ್ಮ ಮೇಳದ ಮಾತಿನಾಗ ಹೇಳೋದಾದರ, ಹೆತ್ತವರು ಮುಮ್ಮೇಳ ಬಿಟ್ಟು ಹಿಮ್ಮೇಳಕ್ಕ ಬರೋದು. ಹಿಮ್ಮೇಳದವ ಮುಂದಿನವನ ಬಾಯಿ ನೋಡಿ ಎತ್ತಬೇಕು, ತಾನೇ ಮೊದಲು ಎತ್ತಿದರ ಪದ ಕೆಡತೈತಿ. ಫಲ ಏನಾತು ಅಂದರ, ಹೆತ್ತವರು ಕೂಸಿಗೆ ಹೊಂದಿ ನಡೆಯೋದು ಬಾಳ ಹೆಚ್ಚಾತು, ಮಕ್ಕಳು ತಾವಾಗಿ ಏನಾದರೂ ಹೇಳಾಕ ಮುಂದ ಬರೋದೂ ಹೆಚ್ಚಾತು. ಇಬ್ಬರೂ ಕೂಡಿ ಒಂದೇ ವಸ್ತುವಿನ ಮ್ಯಾಲೆ ಲಕ್ಷ್ಯ ಇಡೋದು ಮಾತ್ರ ಸುಧಾರಿಸಲಿಲ್ಲ. ಅದನ್ನೂ ಮುಚ್ಚಿಡದೆ ಬರೆದಾರ.

ಗೋವಾದಾಗ ಡಾ. ನಂದಿತಾ ಡಿಸೋಜಾ ಅವರ ಸೇತು ಅನ್ನೋ ಸಂಸ್ಥೆಯೂ ಮಕ್ಕಳ ಬೆಳವಣಿಗಿ ಮತ್ತು ಮನಿಯವರ ಮಾರ್ಗದರ್ಶನದ ಕೆಲಸ ಮಾಡತೈತಿ. 2023ರ ಜನವರಿಯೊಳಗ ಪಣಜಿಯಲ್ಲಿ ಅಂಗವಿಕಲರ ದೊಡ್ಡ ಹಬ್ಬ ಪರ್ಪಲ್ ಫೆಸ್ಟ್ ನಡೀತು. ಇಷ್ಟು ಇರುವ ರಾಜ್ಯದಾಗ ನಮ್ಮ ಗೌಂಡಿಗಳ ಮಕ್ಕಳಿಗೆ ಎಷ್ಟು ಮುಟ್ಟತೈತಿ ಅನ್ನೋದು ನನ್ನ ಪ್ರಶ್ನೆ. ಅಲ್ಲಿನ ದಯಾನಂದ ಸಾಮಾಜಿಕ ಸುರಕ್ಷಾ ಯೋಜನೆಯ ತಿಂಗಳ ಹಣ ಬೇಕಂದರ 15 ವರ್ಷ ಗೋವಾದಾಗ ಇದ್ದದ್ದಕ್ಕ ದಾಖಲೆ ಬೇಕು. ಬಾಡಿಗಿ ಖೋಲಿಯ ಮಾಲಕ ಕಾಗದ ಬರೆದುಕೊಡೋದಿಲ್ಲ. ಇಲ್ಲಿಗೆ ಬಂದು ಕೇಳಿದರ ನೀವು ಇಲ್ಲಿ ಇರೋದಿಲ್ಲಲಾ ಅಂತಾರ. ವಾರಕ್ಕೆ ಎರಡು ಸಲ ತರಬೇತಿಗೆ ಒಯ್ಯಬೇಕಂದರ ಮಗಳಿಗೆ ಎರಡು ದಿನದ ಮನಿಗೆಲಸ ತಪ್ಪತೈತಿ, ಎರಡು ಸಲ ತಪ್ಪಿದರ ಆ ಮನಿ ಕೈ ಬಿಡತೈತಿ. ಮೊದಲು ಹಾಕಿದ ಶಾಲಿಯವರು ಉಳಿದ ಮಕ್ಕಳಿಗೆ ತೊಂದರಿ ಅಂತ ಮೂರು ತಿಂಗಳಿಗೆ ಮರಳಿ ಕಳಿಸಿದರು. 2016ರ ಕಾಯದೆ ಪ್ರಕಾರ ಶೇಕಡಾ 40ಕ್ಕಿಂತ ಕಡಿಮಿ ಇಲ್ಲದ ವೈಕಲ್ಯ ಇದ್ದರ 6ರಿಂದ 18 ವರ್ಷದ ತನಕ ಹತ್ತಿರದ ಶಾಲಿಯೊಳಗ ಬಿಟ್ಟಿ ಶಿಕ್ಷಣದ ಹಕ್ಕು ಐತಿ ಅನ್ನೋದು ಅಳಿಯನಿಗೆ ಆಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಮತ್ತೊಂದು ಶಾಲಿಗೆ ಹೋಗತಾನ.

ನಮ್ಮ ಊರಿನವರಿಗೆ ಒಂದು ಮಾತು ಹೇಳಿ ಮುಂದ ಹೋಗತೀನಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಐತಿ. ಅದರ ತಂಡ ಅಂಗನವಾಡಿಗೆ ವರ್ಷಕ್ಕ ಎರಡು ಸಲ, ಶಾಲಿಗೆ ಒಂದು ಸಲ ಬರಬೇಕು. ಕೂಸು ಕರೆದರ ತಿರುಗವಲ್ದು, ಬೆರಳು ಮಾಡಿ ತೋರಸವಲ್ದು ಅಂದರ ಆ ತಂಡದ ಮುಂದ ಹೇಳಬೇಕು. ಧಾರವಾಡದ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವು ಇದ್ದಾವ. ತಾಯತಕ್ಕ ಕೊಟ್ಟ ರೊಕ್ಕದಾಗ ನಾನು ಧಾರವಾಡಕ್ಕ ಎರಡು ಸಲ ಹೋಗಿ ಬರಬಹುದಿತ್ತು.

ಹೋದ ವರ್ಷ ಬ್ಯಾಸಗಿಗೆ ಮಗಳು, ಮೊಮ್ಮಗ ಊರಿಗೆ ಬಂದಿದ್ದರು. ಜಾತ್ರಿಯ ರಾತ್ರಿ ಅವನು ಹೊಲದ ಮನಿಯೊಳಗ ಇರಲಿ ಅಂತ ಮೊದಲೇ ಠರಾಯಿಸಿದ್ದೆವು. ಮೇಳದವರು ದಪ್ಪು ಮುಟ್ಟದೆ ಒಂದು ಸಂಜೆ ಬರೇ ತುಂತುಣಿ ಮೇಲೆ ಹಾಡಿದರು. ಒಂದೇ ತಂತಿ, ಒಂದೇ ನಾದ. ಅವನು ಹತ್ತಿರ ಬರಲಿಲ್ಲ, ಬಾಗಲ ಹಿಂದ ನಿಂತಿದ್ದ, ಕಿವಿ ಮಾತ್ರ ಮುಚ್ಚಿರಲಿಲ್ಲ. ಮರುದಿನ ಅಂಗಳದಾಗ ಉಳ್ಳಾಗಡ್ಡಿ ಹಾಸಿತ್ತು. ಯಾರೂ ಹೇಳದೆ ದೊಡ್ಡವು, ನಡುವಿನವು, ಸಣ್ಣವು ಅಂತ ಸಾಲು ಇಡಾಕ ಹತ್ತಿದ. ಆಳಿನ ಹೆಣ್ಣುಮಕ್ಕಳು ನಕ್ಕರು, ಆಮ್ಯಾಲೆ ತಾವೂ ಅವನ ಸಾಲಿಗೇ ಗಡ್ಡಿ ತಂದು ಹಾಕಾಕ ಹತ್ತಿದರು. ಅರ್ಧ ತಾಸು ಮಾಡಿರಬೇಕು. ಒಮ್ಮೆಲೇ ಎದ್ದು ಪಂಪಿನ ಕಡೆ ಓಡಿ ಹೋಗಿ ಬೀಳುವ ನೀರಿಗೆ ಕೈ ಒಡ್ಡಿ ನಿಂತ. ಕರೆದರೆ ಬರಲಿಲ್ಲ. ಮಗಳು ಕರೆಯೋದು ಬಿಟ್ಟು ಪಕ್ಕಕ್ಕ ಹೋಗಿ ತಾನೂ ನೀರಿಗೆ ಕೈ ಒಡ್ಡಿ ನಿಂತಳು. ಕತ್ತಲಾಗುವ ತನಕ ಇಬ್ಬರೂ ಅಲ್ಲೇ ಇದ್ದರು. ಕರೆಂಟು ಹೋಗಿ ಪಂಪು ನಿಂತಾಗ ಮನಿಗೆ ಬಂದರು.