ಗ್ಯಾಲರಿ ಎಂಬ ಮೇಲಿನ ಜಾಗ

ಸ್ಟುಡಿಯೋದ ನಿಯಂತ್ರಣ ಕೊಠಡಿಯನ್ನು ನಾವು ಪಿ.ಸಿ.ಆರ್. ಎನ್ನುತ್ತೇವೆ. ಬ್ರಿಟಿಷ್ ಟೆಲಿವಿಷನ್‌ನವರಿಗೆ ಅದು ‘ಗ್ಯಾಲರಿ’. ಅವರ ಹಳೆಯ ಸ್ಟುಡಿಯೋಗಳಲ್ಲಿ ನಿರ್ದೇಶಕ ಕೂರುತ್ತಿದ್ದುದು ಮೇಲ್ಗಡೆ, ಗಾಜಿನ ಹಿಂದೆ. ಕೊಠಡಿ ನೆಲಕ್ಕಿಳಿದ ಮೇಲೂ ಹೆಸರು ಇಳಿಯಲಿಲ್ಲ.

ನನಗೆ ಈ ಪದದ ಪರಿಚಯವಾದದ್ದು ಬಿ.ಎಸ್‌ಸಿ. ತರಗತಿಯಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಬೆಂಚು ಹಾಕಿದ್ದ ಭೌತಶಾಸ್ತ್ರದ ‘ಗ್ಯಾಲರಿ ಹಾಲ್’. ಮೇಲಿನ ಸಾಲು ನಿದ್ದೆಗೆ ಪ್ರಶಸ್ತ. ಆದರೆ ಮೂಲದಲ್ಲಿ ಗ್ಯಾಲರಿ ಎಂದರೆ ಕಟ್ಟಡದ ಉದ್ದಕ್ಕೂ ಹಾಯುವ ಮೊಗಸಾಲೆ, ಅಷ್ಟೇ. ಫ್ಲಾರೆನ್ಸಿನ ಉಫೀತ್ಸಿ 1560ರಲ್ಲಿ ಕಟ್ಟಲು ಆರಂಭಿಸಿದ ಸರ್ಕಾರಿ ಕಚೇರಿ. ಅದರ ಮೇಲಂತಸ್ತಿನ ಮೊಗಸಾಲೆಯಲ್ಲಿ ಮೆದಿಚಿ ಮನೆತನದವರು ಶಿಲ್ಪಗಳನ್ನು ಜೋಡಿಸಿಟ್ಟರು. ಅಂಥ ಮೊಗಸಾಲೆಗಳಿಂದಲೇ ಚಿತ್ರಶಾಲೆಗೆ ಗ್ಯಾಲರಿ ಎಂಬ ಹೆಸರು ಬಂತು.

ಇಂಗ್ಲಿಷ್ ನಾಟಕಶಾಲೆಯಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಜಾಗ ಗ್ಯಾಲರಿ. ನಮ್ಮ ಸಿನಿಮಾ ಮಂದಿರಗಳಲ್ಲಿ ತಿರುಗಾಮುರುಗಾ: ದುಡ್ಡಿದ್ದವರು ಬಾಲ್ಕನಿಯಲ್ಲಿ, ಗಾಂಧಿ ಕ್ಲಾಸಿನವರು ಪರದೆಯ ಮುಂದೆ ಕೆಳಗೆ.

ಎಲ್ಲಿ ಕೂರಬೇಕು, ಯಾರು ನೋಡಬಹುದು ಎಂಬ ಜಗಳ ನಿಜವಾಗಿ ಕಾವೇರಿದ್ದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ. 1778ರಲ್ಲಿ ಕಾಮನ್ಸ್ ಸಭೆಯ ಗ್ಯಾಲರಿಯಿಂದ ಹೆಂಗಸರನ್ನು ಹೊರಹಾಕಲಾಯಿತು. ಅವರು ಸುಮ್ಮನಾಗಲಿಲ್ಲ. ಅಟ್ಟಕ್ಕೆ ಹತ್ತಿ, ಬಿಸಿಗಾಳಿ ಹೊರಹೋಗಲೆಂದು ಬಿಟ್ಟಿದ್ದ ಕಿಂಡಿಯ ಸುತ್ತ ಕೂತು, ದೀಪದ ಹೊಗೆಯ ನಡುವೆ ಚರ್ಚೆ ಆಲಿಸಿದರು. 1834ರ ಬೆಂಕಿಯಲ್ಲಿ ಆ ಕಟ್ಟಡ ಸುಟ್ಟಿತು. ಹೊಸ ಸಭಾಂಗಣದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಗ್ಯಾಲರಿಯೇನೋ ಸಿಕ್ಕಿತು, ಆದರೆ ಮುಂದೆ ದಪ್ಪ ಲೋಹದ ಜಾಲರಿ. ನೋಡಬಹುದು, ಕಾಣಿಸಿಕೊಳ್ಳಬಾರದು!

1908ರ ಅಕ್ಟೋಬರ್ 28ರಂದು ಮ್ಯೂರಿಯಲ್ ಮ್ಯಾಟರ್ಸ್ ಮತ್ತು ಹೆಲೆನ್ ಫಾಕ್ಸ್ ಆ ಜಾಲರಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಮ್ಯಾಟರ್ಸ್ ಮತದ ಹಕ್ಕಿಗಾಗಿ ಅಲ್ಲಿಂದಲೇ ಕೂಗಿ ಮಾತಾಡಿದರು. ಬೀಗ ತೆಗೆಯಲಾಗದೆ ಸಿಬ್ಬಂದಿ ಜಾಲರಿಯ ತುಂಡುಗಳ ಸಮೇತ ಅವರನ್ನು ಹೊರಗೆ ಸಾಗಿಸಬೇಕಾಯಿತು. ಜಾಲರಿ ಪೂರ್ತಿ ಹೋದದ್ದು 1917ರಲ್ಲಿ. ಮರುವರ್ಷ 30 ದಾಟಿದ, ಆಸ್ತಿಯ ಅರ್ಹತೆಯಿದ್ದ ಮಹಿಳೆಯರಿಗೆ ಮತ ಬಂತು. ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ 1929ರ ಏಪ್ರಿಲ್ 8ರಂದು ಭಗತ್ ಸಿಂಗ್, ಬಟುಕೇಶ್ವರ ದತ್ತ ಬಾಂಬೆಸೆದು ಕರಪತ್ರ ತೂರಿದ್ದೂ ಸಂದರ್ಶಕರ ಗ್ಯಾಲರಿಯಿಂದಲೇ.

ನಮ್ಮಲ್ಲಿ ಗ್ಯಾಲರಿ ಎಂದರೆ ಹಲವರಿಗೆ ಮೊದಲು ನೆನಪಾಗುವುದು ವಿಜಯಪುರದ ಗೋಳಗುಮ್ಮಟ. ಗುಮ್ಮಟದ ಒಳಸುತ್ತಿನಲ್ಲಿ ಸುಮಾರು 11 ಅಡಿ ಅಗಲದ ಹಾದಿ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಿಸುತ್ತದೆ. ದನಿ ನಡುವೆ ಹಾಯದೆ ಬಾಗಿದ ಗೋಡೆಯನ್ನೇ ಹಿಡಿದು ಸಾಗುತ್ತದೆಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗ್ಯಾಲರಿಯ ಬಗ್ಗೆ ಲಾರ್ಡ್ ರೇಲೆ ವಿವರಿಸಿದ್ದರು. 1921ರಲ್ಲಿ ಸಿ.ವಿ. ರಾಮನ್ ಅಲ್ಲಿಯೇ ಪರೀಕ್ಷಿಸಿ, ಗೋಡೆಯಿಂದ ಒಳಕ್ಕೆ ಬಂದಂತೆ ದನಿ ಒಮ್ಮೆ ಏರಿ ಒಮ್ಮೆ ಇಳಿಯುವುದನ್ನು ಕಂಡರು. ಭಾರತದ ಇಂಥ ಗ್ಯಾಲರಿಗಳ ಅಧ್ಯಯನದಲ್ಲಿ ಗೋಳಗುಮ್ಮಟವನ್ನೂ ಸೇರಿಸಿದರು. ಇಂದು ಬೆಳಕನ್ನು ಸಣ್ಣ ಗಾಜಿನ ಗೋಳದೊಳಗೆ ಸುತ್ತಿಸುವ ವಿಜ್ಞಾನಿಗಳೂ ಅದೇ ಹೆಸರನ್ನು ಬಳಸುತ್ತಾರೆ.

ಒಮ್ಮೆ ಅಲ್ಲಿ ಆ ಪಿಸುಮಾತನ್ನು ಧ್ವನಿಮುದ್ರಿಸಲು ಹೋಗಿದ್ದೆವು. ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳ ಚಪ್ಪಾಳೆ ಮಾತ್ರ ಟೇಪಿಗೆ ಸಿಕ್ಕಿತು.