ಮನೆಯ ಮೇಜಿನ ಮೇಲೊಂದು ಹಡಗುಕಟ್ಟೆ

ಎಡಕ್ಕೊಂದು ಹಲಗೆ, ಬಲಕ್ಕೊಂದು ಹಲಗೆ. ಮರದ ಪುಟ್ಟ ಹಡಗನ್ನು ಕೈಯಿಂದ ಕಟ್ಟಲು ಕುಳಿತವರು ಮೊದಲು ಕಲಿಯಬೇಕಾದ ಪಾಠ ಇದು. ಒಂದು ಮಗ್ಗುಲನ್ನು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದನ್ನು ನೋಡಿಕೊಳ್ಳೋಣವೆಂದು ಹೊರಟರೆ, ಬಾಗಿದ ಹಲಗೆಗಳ ಎಳೆತಕ್ಕೆ ಸಿಕ್ಕಿ ಇಡೀ ಒಡಲು ಬಾಳೆಹಣ್ಣಿನಂತೆ ಒಂದು ಕಡೆಗೆ ಸೊಟ್ಟಗಾಗುತ್ತದೆ. ಅದನ್ನು ಮತ್ತೆ ನೆಟ್ಟಗೆ ಮಾಡುವುದು ಯಾರಿಂದಲೂ ಆಗದು. ತಿಂಗಳುಗಟ್ಟಲೆ ಮಾಡಿದ ಕೆಲಸ ಒಲೆಯ ಪಾಲು.

ಮನೆಯ ಹಿಂದಿನ ಕೋಣೆಯಲ್ಲೋ, ಊಟ ಮುಗಿದ ಮೇಜಿನ ಮೇಲೋ ಇಂಥ ಹಡಗು ಕಟ್ಟುವವರು ಯೂರೋಪು, ಅಮೆರಿಕಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಹಲವರು ಸಮುದ್ರಕ್ಕೂ ಬಡಗಿತನಕ್ಕೂ ಸಂಬಂಧವಿಲ್ಲದ ವೃತ್ತಿಯವರು. ನೋಡುವವರಿಗೆ ಇದು ದೊಡ್ಡವರ ಆಟಿಕೆಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಎಡಕ್ಕೊಂದು ಬಲಕ್ಕೊಂದು ಎಂಬ ಎಚ್ಚರ ಹುಟ್ಟಿದ್ದು ಆಟಿಕೆಯ ಅಂಗಡಿಯಲ್ಲಲ್ಲ. ಅದು ನಿಜವಾದ ಮರದ ಹಡಗುಗಳನ್ನು ಕಟ್ಟುತ್ತಿದ್ದ ಬಡಗಿಗಳ ತಿಳಿವಳಿಕೆ. ಅವರ ಕಟ್ಟೆಗಳು ಒಂದೊಂದಾಗಿ ಮುಚ್ಚಿದವು. ಕಸುಬು ಮಾತ್ರ ಗಾತ್ರ ಕುಗ್ಗಿಸಿಕೊಂಡು ಮನೆಯೊಳಗೆ ಬಂದು ಕುಳಿತಿತು. ಹೇಗೆ ಬಂತೆಂಬುದನ್ನು ತಿಳಿಯಲು ಸುಮಾರು ಮೂರೂವರೆ ಶತಮಾನ ಹಿಂದಕ್ಕೆ ಹೋಗಬೇಕು.

1662ರ ಬೇಸಿಗೆ. ಇಂಗ್ಲೆಂಡಿನ ನೌಕಾಪಡೆಯ ಆಡಳಿತ ಕಚೇರಿಯಲ್ಲಿ ದೊಡ್ಡ ಹುದ್ದೆಗೆ ಬಂದಿದ್ದ ಸ್ಯಾಮ್ಯುಯೆಲ್ ಪೀಪ್ಸ್‌ಗೆ ಆಗ 29 ವರ್ಷ. ಮರ, ಹಗ್ಗ, ಡಾಂಬರು ಪೂರೈಸುವ ವರ್ತಕರ ಲೆಕ್ಕ ನೋಡಬೇಕಾದ ಈ ಅಧಿಕಾರಿಗೆ ಗುಣಾಕಾರದ ಮಗ್ಗಿಯೇ ಬಾಯಿಗೆ ಬರುತ್ತಿರಲಿಲ್ಲ. ಹಡಗಿನ ಯಾವ ಭಾಗಕ್ಕೆ ಏನೆನ್ನುತ್ತಾರೆಂಬುದೂ ಸರಿಯಾಗಿ ತಿಳಿಯದು. ಆತ ನಾಚಿಕೆ ಬಿಟ್ಟು, ಹಡಗಿನಲ್ಲಿ ಮೇಟ್ ಆಗಿದ್ದ ಕೂಪರ್ ಎಂಬಾತನನ್ನು ಪಾಠಕ್ಕೆ ಇಟ್ಟುಕೊಂಡ. ನಸುಕಿನಲ್ಲೆದ್ದು ಮಗ್ಗಿ ಉರುಹೊಡೆದ. ಹಡಗಿನ ಅಂಗಾಂಗಗಳನ್ನು ಕಲಿತದ್ದು ಮಾತ್ರ ಮರದ ಮಾದರಿಯೊಂದನ್ನು ಮುಂದಿಟ್ಟುಕೊಂಡು. ಆತನ ಪ್ರಸಿದ್ಧ ದಿನಚರಿಯಲ್ಲಿ ಇದೆಲ್ಲ ದಾಖಲಾಗಿದೆ. ನೌಕಾಡಳಿತವನ್ನೇ ತಿದ್ದಿದವನೆಂದು ಮುಂದೆ ಹೆಸರಾದವನ ಅಕ್ಷರಾಭ್ಯಾಸ ಆದದ್ದು ಹೀಗೆ.

ನಕ್ಷೆ ಇರಲಿಲ್ಲವೇ? ಇತ್ತು. ಆದರೆ ಹಡಗಿನ ಒಡಲಿನಲ್ಲಿ ನೇರವಾದ ಗೆರೆ ಹುಡುಕಿದರೂ ಸಿಗುವುದು ಕಷ್ಟ. ಪಕ್ಕದಿಂದ ನೋಡಿದ ಚಿತ್ರ, ಮೇಲಿನಿಂದ ನೋಡಿದ ಚಿತ್ರ, ಅಡ್ಡಲಾಗಿ ಕೊಯ್ದಂತೆ ತೋರಿಸುವ ಚಿತ್ರ, ಈ ಮೂರನ್ನೂ ಮನಸ್ಸಿನಲ್ಲಿ ಕೂಡಿಸಿ ಒಂದು ಆಕಾರ ಕಾಣುವುದು ಎಲ್ಲರಿಂದಾಗುವ ಕೆಲಸವಲ್ಲ. ಆ ಕಾಲದ ಇಂಗ್ಲಿಷ್ ಯುದ್ಧನೌಕೆಗಳ ಮಾದರಿಗಳನ್ನು ಸಾಮಾನ್ಯವಾಗಿ ಒಂದು ಅಡಿಗೆ ಕಾಲು ಇಂಚಿನ ಅಳತೆಯಲ್ಲಿ, ಅಂದರೆ 48ರಲ್ಲಿ ಒಂದು ಪಾಲಿನಷ್ಟು ಗಾತ್ರಕ್ಕೆ ಮಾಡುತ್ತಿದ್ದರು. ಅವುಗಳ ಕೆಳಭಾಗಕ್ಕೆ ಬೇಕೆಂದೇ ಹಲಗೆ ಹೊದಿಸದೆ, ಪಕ್ಕೆಲುಬುಗಳಂತೆ ಸಾಲಾಗಿ ನಿಂತ ಬಾಗುಮರಗಳನ್ನು ತೆರೆದೇ ಬಿಡುತ್ತಿದ್ದರು. ಗ್ರೀನಿಚ್‌ನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಇಂಥವು ಹಲವಾರು ಉಳಿದಿವೆ.

ಅಟ್ಲಾಂಟಿಕ್‌ನ ಆಚೆ ಅಮೆರಿಕದ ಹಡಗುಕಾರರದು ಇನ್ನೂ ಸರಳವಾದ ದಾರಿ. ಹಡಗಿನ ಎರಡು ಮಗ್ಗುಲೂ ಒಂದೇ ತೆರನಾಗಿರುವುದರಿಂದ ಅರ್ಧ ಕೆತ್ತಿದರೆ ಸಾಕಲ್ಲವೇ? ತೆಳು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮರದ ಗೂಟ ಹೊಡೆದು ಬಿಗಿಸಿ, ಆ ದಿಮ್ಮಿಯಿಂದ ಹಡಗಿನ ಅರ್ಧವನ್ನು ಕೆತ್ತುತ್ತಿದ್ದರು. ಕೈಯಿಂದ ಸವರಿ, ಕಣ್ಣಿಗೆ ಒಪ್ಪುವವರೆಗೆ ತಿದ್ದುತ್ತಿದ್ದರು. ಆಮೇಲೆ ಗೂಟ ಕಿತ್ತರೆ ಪದರುಗಳು ಬಿಡಿಬಿಡಿಯಾಗಿ ಕೈಗೆ ಬರುತ್ತಿದ್ದವು. ಒಂದೊಂದರ ಅಂಚನ್ನೂ ಅಳೆದು ಹಿಗ್ಗಿಸಿದರೆ ನಿಜವಾದ ಹಡಗಿನ ಅಳತೆ ಸಿದ್ಧ. ನ್ಯೂಬರಿಪೋರ್ಟ್‌ನ ಒರ್ಲಾಂಡೊ ಮೆರಿಲ್ 1794ರಲ್ಲಿ ಇದನ್ನು ಮೊದಲು ಮಾಡಿದನೆಂಬ ಪ್ರತೀತಿ ಇದೆ. ಇಲ್ಲಿ ಮಾದರಿಯೆಂದರೆ ಹಡಗಿನ ಪ್ರತಿ ಅಲ್ಲ. ಮಾದರಿಯೇ ಮೂಲ, ಹಡಗೇ ಅದರ ಪ್ರತಿ!

ಹಡಗುಕಟ್ಟೆಯ ಹೊರಗೂ ಮಾದರಿ ಮಾಡುವವರಿದ್ದರು. ನೆಪೋಲಿಯನ್ನನ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರನ್ನು ಇಂಗ್ಲೆಂಡಿನ ಪೀಟರ್‌ಬರೋ ಬಳಿಯ ನಾರ್ಮನ್ ಕ್ರಾಸ್ ಎಂಬಲ್ಲಿ 1797ರಿಂದ 1814ರವರೆಗೆ ಕೂಡಿಹಾಕಿದ್ದರು. ಊಟಕ್ಕೆ ಸಿಕ್ಕ ಮಾಂಸದ ಮೂಳೆಗಳನ್ನು ಕುದಿಸಿ, ಸೀಳಿ, ಹಲಗೆಗಳಂತೆ ಮರದ ಒಡಲಿಗೆ ಹೊದಿಸಿ ಆ ಕೈದಿಗಳು ಕಟ್ಟಿದ ಹಡಗುಗಳು ಸೆರೆಮನೆಯ ಬಾಗಿಲಲ್ಲೇ ಮಾರಾಟವಾಗುತ್ತಿದ್ದವು. ಕೊಳ್ಳುವವರು ಇಂಗ್ಲಿಷರಾದ್ದರಿಂದ ಎಷ್ಟೋ ಹಡಗುಗಳಿಗೆ ಇಂಗ್ಲಿಷ್ ನೌಕೆಗಳ ಹೆಸರು! ಕುಸುರಿ ಅದ್ಭುತ, ಅಳತೆ ಮಾತ್ರ ನಂಬುವಂತಿಲ್ಲ. ಕೈಯಲ್ಲಿ ನಕ್ಷೆಯಿಲ್ಲದೆ ನೆನಪಿನಿಂದಲೇ ಕಟ್ಟಿದವು ಅವು. ನೆನಪು ತನಗೆ ಬೇಕಾದುದನ್ನು ದೊಡ್ಡದು ಮಾಡುತ್ತದೆ.

1860ರಲ್ಲಿ ಇಂಗ್ಲೆಂಡು ಕಬ್ಬಿಣದ ಒಡಲಿನ 'ವಾರಿಯರ್' ಯುದ್ಧನೌಕೆಯನ್ನು ನೀರಿಗಿಳಿಸಿತು. ಅಲ್ಲಿಂದ ಮುಂದೆ ಒಂದೆರಡು ತಲೆಮಾರುಗಳಲ್ಲಿ ಮರದ ಹಡಗು ಕಟ್ಟುವ ದೊಡ್ಡ ಬಡಗಿಗಳ ಕಾಲ ಮುಗಿಯಿತು. ಅವರ ವಿದ್ಯೆ ಹೆಚ್ಚಾಗಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಕಲಿಯುವ ಹುಡುಗರಿಲ್ಲವೆಂದರೆ ವಿದ್ಯೆಯೂ ಇಲ್ಲ.

ಆಗ ಕೈಹಿಡಿದವರು ಹವ್ಯಾಸಿಗಳು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಲಂಡನ್ನಿನಲ್ಲಿ 'ಮಾಡೆಲ್ ಎಂಜಿನಿಯರ್' ಪತ್ರಿಕೆ ಆರಂಭಿಸಿದರು. ಮನೆಯಲ್ಲೇ ಪುಟ್ಟ ಯಂತ್ರ, ಹಡಗು ಮಾಡುವವರಿಗೆ ಅದೊಂದು ಅಂಚೆಯ ಶಾಲೆಯಂತಾಯಿತು. ಅಮೆರಿಕದಲ್ಲಿ 1920ರ ದಶಕದಲ್ಲಿ, ಸ್ವತಃ ಕಡಲು ಸುತ್ತಿದ್ದ ಕ್ಯಾಪ್ಟನ್ ಆರ್ಮಿಟೇಜ್ ಮೆಕ್ಯಾನ್ 'ಪಾಪ್ಯುಲರ್ ಸೈನ್ಸ್' ಮಾಸಪತ್ರಿಕೆಯಲ್ಲಿ ಹಡಗಿನ ನಕ್ಷೆಗಳನ್ನು ಪ್ರಕಟಿಸಿದರು. ಹಾಯಿಹಡಗುಗಳ ಒಡನಾಟವಿದ್ದ ಚಾರ್ಲ್ಸ್ ಡೇವಿಸ್ 1926ರಲ್ಲಿ ಮಾದರಿ ಕಟ್ಟುವವರಿಗಾಗಿಯೇ ಕೈಪಿಡಿ ಬರೆದರು. ಹಾಯಿಹಡಗಿನ ಹಗ್ಗ ಎಳೆದು ಬಲ್ಲ ಕೊನೆಯ ಪೀಳಿಗೆ ಇನ್ನೂ ಬದುಕಿದ್ದಾಗಲೇ ಈ ಬರವಣಿಗೆ ನಡೆಯಿತೆಂಬುದು ಗಮನಿಸಬೇಕಾದ ಸಂಗತಿ. ಇಪ್ಪತ್ತು ವರ್ಷ ತಡವಾಗಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲ.

ಈ ಹವ್ಯಾಸಿಗಳಲ್ಲಿ ಒಬ್ಬರನ್ನು ವಿಶೇಷವಾಗಿ ನೆನೆಯಬೇಕು. ನೆಪಿಯನ್ ಲಾಂಗ್‌ರಿಜ್ ವೃತ್ತಿಯಿಂದ ವೈದ್ಯರು. ನೆಲ್ಸನ್ ಟ್ರಫಾಲ್ಗರ್ ಕದನದಲ್ಲಿ ಪ್ರಾಣಬಿಟ್ಟ 'ವಿಕ್ಟರಿ' ಹಡಗನ್ನು ಅವರು ಅದೇ ಹಳೆಯ ಕಾಲು ಇಂಚಿನ ಅಳತೆಯಲ್ಲಿ ಕಟ್ಟಿದರು. ನಿಜವಾದ 'ವಿಕ್ಟರಿ'ಯ ಫಿರಂಗಿ ಅಟ್ಟದ ಉದ್ದ 186 ಅಡಿ. ಮಾದರಿಯಲ್ಲಿ ಅದು ನಾಲ್ಕು ಅಡಿಗೆ ಒಂದೂವರೆ ಇಂಚು ಕಡಿಮೆ. ಕಟ್ಟುತ್ತ ಕಂಡುಕೊಂಡದ್ದನ್ನೆಲ್ಲ ಬರೆದಿಟ್ಟು 1955ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ನೆಲ್ಸನ್ನನ ಹಡಗುಗಳ ಅಂಗರಚನೆ' ಎಂಬರ್ಥದ್ದು. ವೈದ್ಯರಿಗಲ್ಲದೆ ಇನ್ನಾರಿಗೆ ಹೊಳೆದೀತು? ಅವರ ಮಾದರಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವನ್ನು ಸೇರಿತು; ಪುಸ್ತಕ ಇಂದಿಗೂ ಮನೆಮೇಜಿನ ಹಡಗುಕಾರರ ಕೈಪಿಡಿಯಾಗಿದೆ.

ಅಂಗರಚನೆ ಎಂಬ ಮಾತು ಬರಿಯ ಅಲಂಕಾರವಲ್ಲ. ಮೊದಲು ಬೆನ್ನುಮೂಳೆಯಂತೆ ಉದ್ದಕ್ಕೆ ಸಾಗುವ ಅಡಿಮರ. ಅದರ ಮೇಲೆ ಪಕ್ಕೆಲುಬುಗಳು. ಅವುಗಳ ಮೇಲೆ ಚರ್ಮದಂತೆ ಹಲಗೆ. ಈ ಹಲಗೆಯ ಹೊದಿಕೆಯಲ್ಲೇ ಹೊಸಬರು ಸೋಲುವುದು. ಹಡಗಿನ ಹೊಟ್ಟೆ ಅಗಲ, ಮೂತಿ ಕಿರಿದು. ಒಂದು ಮಗ್ಗುಲಿನ ಸುತ್ತಳತೆ ನಡುವಿನಲ್ಲಿ 12 ಸೆಂಟಿಮೀಟರ್, ಮೂತಿಯಲ್ಲಿ 6 ಸೆಂಟಿಮೀಟರ್ ಇದೆಯೆನ್ನೋಣ. ಇಪ್ಪತ್ತು ಹಲಗೆ ಹಾಯಿಸಬೇಕಾದರೆ ಪ್ರತಿಯೊಂದೂ ನಡುವಿನಲ್ಲಿ 6 ಮಿಲಿಮೀಟರ್ ಇದ್ದು ಮೂತಿಯ ಹೊತ್ತಿಗೆ 3 ಮಿಲಿಮೀಟರ್‌ಗೆ ಇಳಿಯಬೇಕು. ನೇರ ಪಟ್ಟಿಗಳನ್ನೇ ಒತ್ತಿ ಅಂಟಿಸಿದರೆ ಅವು ಒಂದರ ಮೇಲೊಂದು ಏರುತ್ತವೆ. ಆದ್ದರಿಂದ ಒಂದೊಂದು ಪಟ್ಟಿಯನ್ನೂ ಬೇರೆಬೇರೆಯಾಗಿ ಅಳೆದು ಅಂಚು ಕೀಸಬೇಕು. ಬಿಸಿನೀರಿನಲ್ಲಿ ನೆನೆಸಿ, ಕಾದ ಕಬ್ಬಿಣಕ್ಕೆ ಒತ್ತಿ ಬಾಗಿಸಬೇಕು, ಗುಂಡುಸೂಜಿ ಚುಚ್ಚಿ ಒಣಗಲು ಬಿಡಬೇಕು. ಒಂದು ಸಂಜೆಗೆ ಎರಡು ಹಲಗೆ ಕೂತರೆ ಅದೇ ಹೆಚ್ಚು.

ಮರದ ಆಯ್ಕೆಯದು ಇನ್ನೊಂದು ಕಥೆ. ಓಕ್‌ನಿಂದ ಕಟ್ಟಿದ ಹಡಗಿನ ಮಾದರಿಗೆ ಓಕ್ ಒಗ್ಗದು! ಹಡಗು ಚಿಕ್ಕದಾದರೂ ಮರದ ಎಳೆ ಚಿಕ್ಕದಾಗುವುದಿಲ್ಲವಲ್ಲ. 48ರಲ್ಲಿ ಒಂದು ಪಾಲಿನ ಹಲಗೆಯ ಮೇಲೆ ಓಕ್‌ನ ರಂಧ್ರಗಳು ಹಳ್ಳಗಳಂತೆ ಕಾಣುತ್ತವೆ. ಅದಕ್ಕೇ ಪೇರು, ಬಾಕ್ಸ್‌ವುಡ್ ಮುಂತಾದ ನುಣುಪು ಎಳೆಯ ಮರಗಳ ಬಳಕೆ. ಚನ್ನಪಟ್ಟಣದ ಬೊಂಬೆಗಾರರು ಹಾಲೆಮರಕ್ಕೆ ಒಲಿದದ್ದೂ ಅದರ ನುಣುಪಾದ ಎಳೆಗಾಗಿಯೇ. ನೀರಿನ ಮೇಲೂ ಇಂಥದೇ ಪೇಚು. ಗಾತ್ರ ಅರ್ಧವಾದರೆ ಹಾಯಿಯ ವಿಸ್ತಾರ ನಾಲ್ಕನೆಯ ಒಂದು ಪಾಲಾಗುತ್ತದೆ, ಹಡಗಿನ ತೂಕ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಬೀಸುವ ಗಾಳಿ ಮಾತ್ರ ಅದೇ. ಎಷ್ಟು ನಿಷ್ಠೆಯಿಂದ ಅಳತೆ ಉಳಿಸಿಕೊಂಡರೂ ಪುಟ್ಟ ಹಾಯಿಹಡಗು ಕೆರೆಯಲ್ಲಿ ಮಗುಚುವುದು ಇದರಿಂದ. ತೇಲಿಬಿಡುವವರು ಅಡಿಯಲ್ಲಿ ಸೀಸ ಕಟ್ಟುತ್ತಾರೆ.

ಯೂರೋಪಿನ ಹಡಗುಗಳಿಗಾದರೋ ನಕ್ಷೆಗಳಿದ್ದವು, ಕೈಪಿಡಿ ಬರೆಯುವವರಿದ್ದರು. ನಕ್ಷೆಯೇ ಇಲ್ಲದೆ ಮೇಸ್ತ್ರಿಯ ಕಣ್ಣಳತೆಯಲ್ಲಿ ಕಟ್ಟಿದ ನಮ್ಮ ಪಶ್ಚಿಮ ಕರಾವಳಿಯ ಹಡಗುಗಳ ಗತಿ ಏನು? ಇಲ್ಲಿ ಎಡ್ಮಂಡ್ ಪಾರಿ ಎಂಬ ಫ್ರೆಂಚ್ ನೌಕಾಧಿಕಾರಿಯ ಹೆಸರು ಬರುತ್ತದೆ. 1806ರಲ್ಲಿ ಹುಟ್ಟಿದ ಈತ ಭೂಪ್ರದಕ್ಷಿಣೆಯ ಯಾನಗಳಲ್ಲಿ ಹೋದ ಬಂದರುಗಳಲ್ಲೆಲ್ಲ ಸ್ಥಳೀಯ ದೋಣಿಗಳನ್ನು ಅಳೆದು ಚಿತ್ರಿಸಿದ. ಯೂರೋಪಿಯನ್ನರು ಕಾಡುಜನರ ತೆಪ್ಪವೆಂದು ಮೂಗುಮುರಿಯುತ್ತಿದ್ದ ಕಾಲದಲ್ಲಿ ಆತ ಅವುಗಳ ಜೋಡಣೆಯನ್ನು ಎಂಜಿನಿಯರನ ಗೌರವದಿಂದ ನೋಡಿದ. ಯಂತ್ರವೊಂದಕ್ಕೆ ಸಿಕ್ಕಿ ಎಡಗೈ ಕಳೆದುಕೊಂಡ ಮೇಲೂ ಗೆರೆ ಎಳೆಯುವುದನ್ನು ಬಿಡಲಿಲ್ಲ. ಆ ಚಿತ್ರಗಳು 1840ರ ದಶಕದ ಆರಂಭದಲ್ಲಿ ಗ್ರಂಥವಾಗಿ ಬಂದವು. 1871ರಿಂದ 1893ರಲ್ಲಿ ಸಾಯುವವರೆಗೆ ಪ್ಯಾರಿಸ್ಸಿನ ನೌಕಾ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿ, ಅಲ್ಲಿನ ಕಾರ್ಯಾಗಾರದಲ್ಲಿ ತನ್ನ ಚಿತ್ರಗಳಿಂದ ಮರದ ಮಾದರಿಗಳನ್ನು ಮಾಡಿಸಿದ.

ಪಾರಿ ಚಿತ್ರಿಸಿದವುಗಳಲ್ಲಿ ಪತ್ತೆಮಾರಿಯೂ ಒಂದು. ಮುಂಬೈಯಿಂದ ಮಲಬಾರಿನವರೆಗೆ ನಮ್ಮ ಕರಾವಳಿಯ ಬಂದರುಗಳನ್ನು ಮುಟ್ಟುತ್ತ ಸರಕು ಸಾಗಿಸುತ್ತಿದ್ದ ಹಾಯಿಹಡಗು ಅದು. ಉದ್ದವಾಗಿ ಮುಂಚಾಚಿದ ಮೂತಿ, ಮುಂದಕ್ಕೆ ವಾಲಿದ ಕೂವೆಕಂಬ, ಮೂಲೆಹಾಯಿ. ಬೇಪೂರಿನಲ್ಲಿ ಉರು ಕಟ್ಟುವ ಮೇಸ್ತ್ರಿಗಳ ಪರಂಪರೆ ಕಾಗದದ ನಕ್ಷೆಯಿಲ್ಲದೆಯೇ ನಮ್ಮ ಕಾಲದವರೆಗೆ ನಡೆದುಬಂದಿದೆ. ಪತ್ತೆಮಾರಿಗೆ ಆ ಭಾಗ್ಯ ದೊರೆಯಲಿಲ್ಲ. ಕುಂದಾಪುರದಲ್ಲೋ ಹೊನ್ನಾವರದಲ್ಲೋ ಯಾರಾದರೂ ಮನೆಯಲ್ಲಿ ಕುಳಿತು ಪತ್ತೆಮಾರಿಯ ಮಾದರಿ ಕಟ್ಟಬೇಕೆಂದರೆ, ಅಳತೆಗಾಗಿ ತೆರೆಯಬೇಕಾದ ಹಾಳೆಗಳಲ್ಲಿ ಆ ಫ್ರೆಂಚನದೂ ಸೇರುತ್ತದೆ. ಕೆಲಸ ಸುಲಭದ್ದೇನಲ್ಲ. ಪತ್ತೆಮಾರಿಯ ಅಡಿಮರವೇ ನಡುವಿನಲ್ಲಿ ಕಮಾನಿನಂತೆ ಮೇಲಕ್ಕೆ ಬಾಗಿದ್ದು. ಮೇಜಿನ ಮೇಲೆ ಸಮವಾಗಿ ಕೂರುವುದಿಲ್ಲ. ಪಕ್ಕೆಲುಬು ನಿಲ್ಲಿಸುವ ಮೊದಲು ಅದರ ಹೊಟ್ಟೆಯಡಿಗೆ ಬೆಣೆ ಕೊಡಬೇಕು.